ಬಾಲಪ್ಪ ಎಂದು ಕರೆದ ಗೊರವಂಕ

ಮಕ್ಕಳೇ, ಕಾಡಿನ ಅಂಚಿಗೆ ಜೊಂಡು ಬೆಳೆದ ಒಂದು ಕೆರೆ. ಅದರ ದಂಡೆಯ ಅತ್ತಿಮರದ ನೆರಳಿನಲ್ಲಿ ಮರಿಗಳ ಶಾಲೆ. ಮೇಷ್ಟ್ರು ಒಬ್ಬ ಮುದಿ ಆಮೆ.

ಆ ಶಾಲೆಯಲ್ಲಿ ಚಿನಕುರುಳಿ ಎಂಬ ಗೊರವಂಕದ ಮರಿ ಇದ್ದಳು. ಎಲ್ಲರ ದನಿಯನ್ನೂ ಅಣಕಿಸುವಳು, ಎಲ್ಲರಿಗೂ ಅಡ್ಡಹೆಸರು ಇಡುವಳು. ಮೊಲ ಅವಳ ಬಾಯಲ್ಲಿ ‘ಮೊರಗಿವಿ’. ಮುಳ್ಳುಹಂದಿ ‘ಪೊರಕೆ’. ಕೊಕ್ಕರೆ ‘ಕಡ್ಡಿಕಾಲು’. ಕಪ್ಪೆಮರಿ ಬುಳ್ಳನಿಗೆ ಕಾಲು ಮೂಡಿದ್ದರೂ ಬಾಲ ಇನ್ನೂ ಕರಗಿರಲಿಲ್ಲ. ಅವನು ‘ಬಾಲಪ್ಪ’.

“ಬಾಲಪ್ಪ ಬಂದ, ದಾರಿ ಬಿಡ್ರೋ! ಬಾಲ ತುಳಿದೀರಿ!” ಎಂದು ಅವಳು ಕೂಗಿದರೆ ಇಡೀ ಶಾಲೆ ಗೊಳ್ಳೆಂದು ನಗುತ್ತಿತ್ತು. ಬುಳ್ಳನೂ ನಗುತ್ತಿದ್ದ. ‘ನಾನಿಲ್ಲದಿದ್ದರೆ ಈ ಶಾಲೆಗೆ ಕಳೆಯೇ ಇಲ್ಲ’ ಎಂದು ಚಿನಕುರುಳಿ ಬೀಗುತ್ತಿದ್ದಳು.

ಹೀಗಿರಲು ಬುಳ್ಳ ಶಾಲೆಗೆ ಬರುವುದನ್ನೇ ಬಿಟ್ಟ.

ಮೇಷ್ಟ್ರು ಕೇಳಿದರು, “ಇಲ್ಲಿ ಯಾರಿಗಾದರೂ ಚುಡಾಯಿಸುವ ಮಾತಿನಿಂದ ನೋವಾಗಿದೆಯೇನ್ರಪ್ಪಾ?”

ಒಬ್ಬರೂ ಬಾಯಿ ಬಿಡಲಿಲ್ಲ. “ಇಲ್ಲ ಮೇಷ್ಟ್ರೇ, ನಾವೆಲ್ಲ ಒಂದೇ ಗೂಡಿನವರ ಹಾಗಿದ್ದೇವೆ” ಎಂದಳು ಚಿನಕುರುಳಿ.

ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಯೋಚಿಸಿತು. ‘ಎಲ್ಲರೆದುರು ಕೇಳಿದರೆ ಯಾರು ತಾನೇ ಹೇಳುತ್ತಾರೆ? ನಾನು ಕೇಳಿದ ರೀತಿಯೇ ಸರಿಯಿಲ್ಲ.’

ಮರುದಿನ ಮೇಷ್ಟ್ರು ಮರದ ಪೊಟರೆಯಲ್ಲಿ ಒಂದು ಸೋರೆಬುರುಡೆ ಇಟ್ಟರು. “ಒಬ್ಬೊಬ್ಬರೇ ಒಳಗೆ ಹೋಗಿ. ಯಾರದೋ ಮಾತು ನೆನೆದು ಶಾಲೆಗೆ ಬರಲು ಭಯವಾಗುತ್ತಿದ್ದರೆ ಗುಲಗಂಜಿ ಹಾಕಿ. ಇಲ್ಲದಿದ್ದರೆ ಹೊಂಗೆಬೀಜ. ಯಾರು ಯಾವುದು ಹಾಕಿದರೆಂದು ನಾನೂ ನೋಡುವುದಿಲ್ಲ.”

ಚಿನಕುರುಳಿ ಹೊಂಗೆಬೀಜ ಹಾಕಿ ಕುಣಿಯುತ್ತಾ ಹೊರಬಂದಳು.

ಬುರುಡೆ ಸುರಿದಾಗ ನೆಲವೆಲ್ಲ ಕೆಂಪಾಯಿತು. ಹೊಂಗೆಬೀಜಗಳನ್ನು ಹುಡುಕಬೇಕಾಯಿತು.

“ಅಯ್ಯೋ! ಯಾರು ಆ ದುಷ್ಟ? ತೋರಿಸಿ, ಕುಕ್ಕಿಬಿಡುತ್ತೇನೆ!” ಎಂದು ಚಿನಕುರುಳಿ ರೆಕ್ಕೆ ಬಡಿಯುತ್ತಾ ಸುತ್ತ ನೋಡಿದಳು.

ಅವಳ ಕಣ್ಣು ಬಿದ್ದದ್ದೇ ಮೊಲ ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡಿತು. ಮುಳ್ಳುಹಂದಿ ಮುಳ್ಳು ಅಡಗಿಸಿಕೊಂಡಿತು. ಕೊಕ್ಕರೆ ಕಾಲುಗಳನ್ನು ಮಡಚಿ ಹೊಟ್ಟೆಯಡಿ ಬಚ್ಚಿಟ್ಟಿತು.

ಚಿನಕುರುಳಿಯ ಕೊಕ್ಕು ತೆರೆದದ್ದು ತೆರೆದಂತೆಯೇ ನಿಂತಿತು. ಯಾರೂ ಅವಳನ್ನು ಬೈಯಲಿಲ್ಲ, ಬೆರಳು ತೋರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ನೆಲ ಬಾಯಿ ಬಿಟ್ಟರೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಶಾಲೆ ಬಿಟ್ಟೊಡನೆ ಅವಳು ಬುಳ್ಳನ ಮನೆಯಿದ್ದ ಜೊಂಡಿನ ಬಳಿ ಹಾರಿದಳು. ಬುಳ್ಳ ಕೆಸರಿನಲ್ಲಿ ಕುಳಿತಿದ್ದ. ಬಾಲದ ಮೇಲೆ ಗಾಯ.

“ಇದೇನಾಯ್ತೋ?”

ಉತ್ತರ ಕೊಟ್ಟದ್ದು ಅವನ ತಾಯಿ. “ಕಲ್ಲುಗಳ ಸಂದಿಗೆ ಬಾಲ ಸಿಕ್ಕಿಸಿ ಕಿತ್ತುಕೊಳ್ಳಲು ಹೋಗಿದ್ದ, ಕಣಮ್ಮಾ. ಯಾಕೋ ಎಂದರೆ ಹೇಳುವುದಿಲ್ಲ.”

“ಎಲ್ಲರೂ ನಗುತ್ತಿದ್ದರಲ್ಲಾ ಅಂತ...” ಎಂದು ಶುರುಮಾಡಿದ ಚಿನಕುರುಳಿ ಅಲ್ಲಿಗೇ ನಿಲ್ಲಿಸಿದಳು. “ಅಲ್ಲ. ಹೆಸರಿಟ್ಟವಳು ನಾನೇ ಅಮ್ಮಾ. ತಪ್ಪು ನನ್ನದೇ. ನೀನೂ ನಗುತ್ತಿದ್ದೆಯಲ್ಲೋ ಬುಳ್ಳ, ನಿನಗೂ ಅದು ತಮಾಷೆಯೇ ಅಂತ ನಂಬಿಬಿಟ್ಟೆ.”

“ನಗದಿದ್ದರೆ ನೀನು ಇನ್ನೂ ಜೋರಾಗಿ ಕೂಗುತ್ತಿದ್ದೆ” ಎಂದ ಬುಳ್ಳ. ಅಷ್ಟು ಹೇಳಿ ನೀರಿಗೆ ಇಳಿದುಬಿಟ್ಟ.

ಮರುದಿನ ಚಿನಕುರುಳಿ ಎಲ್ಲರೆದುರು ತಲೆತಗ್ಗಿಸಿ ನಿಂತು ತಪ್ಪು ಒಪ್ಪಿಕೊಂಡಳು. ನಕ್ಕವರೂ ತಲೆತಗ್ಗಿಸಿದರು.

ಗಾಯ ಮಾಯ್ದ ಮೇಲೆ ಬುಳ್ಳ ಬಂದ, ಬಾಲದ ಸಮೇತ. ಚಿನಕುರುಳಿ ಸರಿದು ತನ್ನ ಪಕ್ಕ ಜಾಗ ಮಾಡಿದಳು. ಅವನು ಅವಳನ್ನು ದಾಟಿ ಹೋಗಿ ಮೊಲದ ಪಕ್ಕ ಕುಳಿತ. ಚಿನಕುರುಳಿ ಆ ಜಾಗವನ್ನು ಹಾಗೇ ಖಾಲಿ ಬಿಟ್ಟಳು.

ನೀತಿ: ತಮಾಷೆಯ ತೂಕವನ್ನು ನಕ್ಕವರ ಸದ್ದಿನಿಂದ ಅಳೆಯಬಾರದು, ಅದಕ್ಕೆ ಗುರಿಯಾದವರ ಮನಸ್ಸಿನಿಂದ ಅಳೆಯಬೇಕು.