ನಡುಗದ ಕೂಸು

“ಗುರುಗಳೇ, ಮಕ್ಕಳ ವೈದ್ಯವನ್ನು ಬೇರೆಯಾಗಿ ಏಕೆ ಕಲಿಯಬೇಕು? ದೊಡ್ಡವರಿಗೆ ಮಾಡುವುದನ್ನೇ ಅಳತೆ ತಗ್ಗಿಸಿ ಮಾಡಿದರೆ ಸಾಲದೇ?” ಎಂದು ಶಿಷ್ಯನೊಬ್ಬ ಕೇಳಿದ.

ಬೇರು ಅರೆಯುತ್ತಿದ್ದ ಗುರುಗಳು ಕೈ ನಿಲ್ಲಿಸಿ ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಗುಡ್ಡದ ಮೇಲೆ ಅವನ ಮನೆ. ಒಂದು ಬೆಳಗ್ಗೆ ಹೊಳೆ ಉಕ್ಕಿ ಕೆಳಗಿನ ಊರು ಮುಳುಗಿತು. ದೋಣಿಯವರು ಜನರನ್ನು ಕರೆತಂದು ಅವನ ಅಂಗಳಕ್ಕೆ ಸೇರಿಸಿದರು. ಎಲ್ಲರೂ ತೋಯ್ದು ತೊಪ್ಪೆಯಾಗಿದ್ದರು. ವೈದ್ಯ ಬೆಂಕಿ ಹಾಕಿಸಿದ. ಹೆಚ್ಚು ನಡುಗುವವರನ್ನು ಬೆಂಕಿಯ ಬಳಿ ಕೂರಿಸಿದ, ಹೆಚ್ಚು ನರಳುವವರ ಗಾಯ ಮೊದಲು ಕಟ್ಟಿದ. ಮೂವತ್ತು ವರ್ಷ ಅವನು ನಡೆಸಿಕೊಂಡು ಬಂದ ಕ್ರಮವದು.

ಕಂಬಕ್ಕೆ ಒರಗಿ ಒಬ್ಬ ತಾಯಿ ಕೂತಿದ್ದಳು. ಮಡಿಲಲ್ಲಿ ಮೂರು ತಿಂಗಳ ಕೂಸು. ಅದು ನಡುಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ‘ಪುಣ್ಯಕ್ಕೆ ನಿದ್ದೆ ಹತ್ತಿದೆ’ ಎಂದುಕೊಂಡು ವೈದ್ಯ ಮೂರು ಸಲ ಅದನ್ನು ದಾಟಿಹೋದ.

ಕೊನೆಯ ದೋಣಿಯಲ್ಲಿ ಊರಿನ ಮುದಿ ಸೂಲಗಿತ್ತಿ ಬಂದಳು. ಕೂಸಿನ ಎದೆ ಮುಟ್ಟಿದವಳೇ ಕೂಗಿಕೊಂಡಳು:

“ಪಂಡಿತರೇ, ಇದು ನಿದ್ದೆಯಲ್ಲ! ಎಳೆಗೂಸು ನಮ್ಮ ಹಾಗೆ ನಡುಗುವುದಿಲ್ಲ, ಸುಮ್ಮನೆ ತಣ್ಣಗಾಗುತ್ತಾ ಹೋಗುತ್ತದೆ. ಇಲ್ಲಿ ಒದ್ದೆಯಾಗದ ಮೈ ನಿಮ್ಮೊಬ್ಬರದೇ. ಅಂಗಿ ಬಿಚ್ಚಿ.”

“ಬೆಂಕಿಯ ಹತ್ತಿರ ಹಿಡಿದರೆ?”

“ಈ ಚರ್ಮ ಬೆಂಕಿ ತಡೆಯುತ್ತದೆಯೇ? ಮೈಗೆ ಮೈಯೇ ಬೇಕು.”

ಅವಳು ಕೂಸಿನ ಒದ್ದೆ ಬಟ್ಟೆ ಕಳಚಿ, ಮೈ ಒರೆಸಿ, ಅದನ್ನು ವೈದ್ಯನ ಎದೆಗೆ ಒತ್ತಿದಳು. ಅವನ ರುಮಾಲನ್ನೇ ಅದರ ತಲೆಗೆ ಸುತ್ತಿ, ಮೇಲೆ ಕಂಬಳಿ ಹೊದಿಸಿದಳು. ಹೊಳೆಯ ಕಲ್ಲನ್ನು ಅಪ್ಪಿಕೊಂಡಂತಾಯಿತು ವೈದ್ಯನಿಗೆ. ಅತ್ತ ಯಾರೋ ಅವನನ್ನು ಕರೆದರು, ಅವನು ಏಳುವಂತಿರಲಿಲ್ಲ. ತನ್ನ ಉಸಿರು ಜೋರಾದರೆ ಕೂಸಿನ ಉಸಿರು ತಿಳಿಯದೆ ಹೋದೀತೆಂದು ಮೆಲ್ಲಗೆ ಉಸಿರಾಡಿದ. ತಾಯಿ ಕಂಬಳಿಯೊಳಗೆ ಕೈಯಿಟ್ಟು ಪುಟ್ಟ ಪಾದ ಹಿಡಿದು ಕೂತಳು.

ಬಹಳ ಹೊತ್ತಾಯಿತು. ಅವನ ಎದೆಯ ಮೇಲೆ ಪುಟ್ಟ ತುಟಿಗಳು ಹಾಲಿಗಾಗಿ ತಡಕಾಡಿದವು. ಸಿಗದೆ ಕೂಸು ಕಿರುಚಿ ಅತ್ತಿತು. ತಾಯಿ ನಗುತ್ತಲೇ ಅತ್ತಳು. ವೈದ್ಯ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ.

ಗುರುಗಳು ಮತ್ತೆ ಬೇರು ಅರೆಯತೊಡಗಿದರು. ಶಿಷ್ಯ ಕೇಳಿದ: “ಕೂಸು ಮೊದಲೇ ಅತ್ತಿದ್ದರೆ ವೈದ್ಯ ಆಗಲೇ ಬರುತ್ತಿದ್ದನಲ್ಲವೇ?”

“ಅಳುವ ಶಕ್ತಿಯಿದ್ದ ಕೂಸು ಸ್ವಲ್ಪ ಕಾಯಬಹುದಿತ್ತಪ್ಪಾ, ಅಳಲಾರದ್ದನ್ನು ನೋಡುವುದಕ್ಕೇ ಅಲ್ಲವೇ ವೈದ್ಯನಿರುವುದು?”