ಪಾಳೇಗಾರನ ಕಬ್ಬಿಣದ ಗುಂಡು

ಒಬ್ಬ ಪಾಳೇಗಾರನಿಗೆ ಕುದುರೆ ಕಟ್ಟಲು ಊರ ವೈದ್ಯರ ಔಷಧದ ಮನೆಯೇ ಬೇಕೆನಿಸಿತು. ರೋಗಿಗಳು ಎಲ್ಲಿಗೆ ಹೋಗಬೇಕು ಎಂದು ವೈದ್ಯರು ಕೈಮುಗಿದು ಕೇಳಿದರು. ಅವನು ನಕ್ಕು, ನಿಂಬೆಹಣ್ಣಿನ ಗಾತ್ರದ ಕಬ್ಬಿಣದ ಗುಂಡೊಂದನ್ನು ಅವರ ಮುಂದಿಟ್ಟ.

“ನಾಳೆ ಬೆಳಗ್ಗೆ ಬರುತ್ತೇನೆ. ಈ ಗುಂಡನ್ನು ತೇಲಿಸಿದರೆ ಮನೆ ನಿಮ್ಮದು. ಇಲ್ಲದಿದ್ದರೆ ಕುದುರೆಗಳದ್ದು.”

ವೈದ್ಯರು ಊಟ ಬಿಟ್ಟು ಕೂತರು. ಔಷಧ ಅರೆಯುವ ಆಳು ಕೆಂಚವ್ವ ಮಾತ್ರ, “ಯಾವುದರಲ್ಲಿ ತೇಲಿಸಬೇಕು ಅಂತ ಅವರು ಹೇಳಲಿಲ್ಲವಲ್ಲ ಬುದ್ಧೀ,” ಎಂದಳು.

ಬೆಳಗ್ಗೆ ಪಾಳೇಗಾರ ಬಂದಾಗ ಅಂಗಳದಲ್ಲಿ ಒಂದು ಮಣ್ಣಿನ ಬೋಗುಣಿಯಿತ್ತು. ಅದರ ತುಂಬ, ಔಷಧಕ್ಕೆಂದು ತರಿಸಿದ್ದ ಪಾದರಸ ಹೊಳೆಯುತ್ತಿತ್ತು. ಕೆಂಚವ್ವ ಗುಂಡನ್ನು ಮೆಲ್ಲಗೆ ಬಿಟ್ಟಳು. ಅದು ಅರ್ಧಕ್ಕಿಂತ ತುಸು ಹೆಚ್ಚು ಇಳಿದು, ಅಲ್ಲೇ ತೇಲುತ್ತಾ ನಿಂತಿತು.

ಪಾಳೇಗಾರ ನೆಲದ ಮೇಲೇ ಕೂತುಬಿಟ್ಟ. ಗುಂಡನ್ನು ಕೋಲಿನಿಂದ ಒತ್ತಿದ. ಬಿಟ್ಟ ಕೂಡಲೇ ಅದು ಮೇಲೆ ಬಂತು. ಮತ್ತೆ ಒತ್ತಿದ, ಮತ್ತೆ ಬಂತು.

“ಇದು ಯಾವ ಮಂತ್ರ?”

“ಮಂತ್ರವಲ್ಲ ದೊರೆ,” ಎಂದಳು ಕೆಂಚವ್ವ. “ ಒಂದು ಬಟ್ಟಲು ನೀರಿಗಿಂತ ಅಷ್ಟೇ ಕಬ್ಬಿಣ ಭಾರ, ಅದಕ್ಕೇ ನೀರಲ್ಲಿ ಮುಳುಗುತ್ತೆ. ಒಂದು ಬಟ್ಟಲು ಪಾದರಸ ಅಷ್ಟೇ ಕಬ್ಬಿಣಕ್ಕಿಂತ ಭಾರ, ಅದಕ್ಕೇ ಇಲ್ಲಿ ತೇಲುತ್ತೆ. ದಿನಾ ಎತ್ತಿಡುವ ಕೈಗೆ ಗೊತ್ತು.”

ಪಾಳೇಗಾರ ಬೆರಳಿನ ಚಿನ್ನದ ಉಂಗುರ ಬಿಚ್ಚಿ ಬೋಗುಣಿಯತ್ತ ಚಾಚಿದ.

“ಬೇಡ ದೊರೆ. ಚಿನ್ನ ಪಾದರಸಕ್ಕಿಂತಲೂ ಭಾರ, ಮುಳುಗುತ್ತೆ.”

ಅವನು ಕೇಳದೆ ಹಾಕಿದ. ಉಂಗುರ ಕಾಣದಾಯಿತು. ಕಬ್ಬಿಣದ ಗುಂಡು ಮೇಲೇ ಇತ್ತು.

ಪಾಳೇಗಾರ ಎದ್ದು, “ಮನೆ ನಿಮ್ಮದೇ ವೈದ್ಯರೇ,” ಎಂದ. ಆಮೇಲೆ ಕೆಂಚವ್ವನ ಕಡೆ ತಿರುಗಿ ದನಿ ತಗ್ಗಿಸಿದ.

“ಸಂಜೆ ನಮ್ಮವ್ವನನ್ನು ಕರಕೊಂಡು ಬರ್ತೀನಿ. ಇನ್ನೊಂದು ಸಲ ತೋರಿಸ್ತೀಯಾ ತಾಯಿ?”