ಬೆನ್ನಿನ ಬಿಗಿತ ಅಳೆದ ಕೈ

"ಗುರುಗಳೇ, ದುಂಡಪ್ಪನ ಮನಸ್ಸು ಬರೀ ಕಲ್ಲು. ಅವನನ್ನು ಮಠದಲ್ಲಿ ಇಟ್ಟುಕೊಳ್ಳುವುದೋ, ಕಳಿಸಿಬಿಡುವುದೋ?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ದುಂಡಪ್ಪ ಮಠಕ್ಕೆ ಬಂದು ಮೂರು ತಿಂಗಳಾಗಿತ್ತು. ಅವನನ್ನು ಪರೀಕ್ಷಿಸಿ ನೋಡುವ ಕೆಲಸ ಮುರಿಗೆಯ್ಯನದು.

"ಮನೆ ಯಾಕೆ ಬಿಟ್ಟೆ ಎಂದು ಮೂರು ಸಲ ಎಲ್ಲರೆದುರು ನಿಲ್ಲಿಸಿ ಕೇಳಿದೆ. ಕೇಳಿದಷ್ಟೂ ಗಟ್ಟಿಯಾದ. ತುಟಿ ಬಿಚ್ಚಲಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹಮಾಲನಿದ್ದ. ಇಪ್ಪತ್ತು ವರ್ಷ ಮೂಟೆ ಹೊತ್ತು ಅವನ ಬೆನ್ನು ಬಿಗಿದುಕೊಂಡಿತ್ತು. ಬಗ್ಗಲು ಹೋದರೆ ಜೀವ ಹೋದಂತಾಗುತ್ತಿತ್ತು. ಅವನು ದೊಡ್ಡಾಸ್ಪತ್ರೆಗೆ ಹೋದ.

ಅಲ್ಲೊಂದು ಸ್ಕ್ಯಾನಿಂಗ್ ಯಂತ್ರವಿತ್ತು. ಬಸುರಿಯ ಹೊಟ್ಟೆಯೊಳಗಿನ ಕೂಸನ್ನು ತೋರಿಸುತ್ತದಲ್ಲ, ಅದೇ ಜಾತಿಯದು. ಕಿವಿಗೆ ಕೇಳದ ಸದ್ದನ್ನು ಒಳಗೆ ಕಳಿಸಿ ಸ್ನಾಯುವಿನಲ್ಲಿ ಸಣ್ಣ ಅಲೆ ಎಬ್ಬಿಸುತ್ತಿತ್ತು. ಅಲೆ ಬೇಗ ಓಡಿದರೆ ಸ್ನಾಯು ಗಟ್ಟಿ, ನಿಧಾನವಾದರೆ ಮೆದು. ಎಷ್ಟು ಗಟ್ಟಿ ಎಂಬುದನ್ನು ಅಂಕಿಯಲ್ಲೇ ಹೇಳುತ್ತಿತ್ತು. ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ ಇಷ್ಟು ತಿಳಿಯುವುದೆಂದರೆ ಸಣ್ಣ ಮಾತಲ್ಲ. ಅದನ್ನು ಕಂಡುಹಿಡಿದವರಿಗೆ ನಾನು ಕೈಮುಗಿಯುತ್ತೇನೆ.

ಒಬ್ಬ ಯುವ ವೈದ್ಯ ಹಮಾಲನನ್ನು ಬೋರಲು ಮಲಗಿಸಿ, ಯಂತ್ರದ ಹಿಡಿಯನ್ನು ಬೆನ್ನಿಗೆ ಒತ್ತಿದ. ದೊಡ್ಡ ಅಂಕಿ ಬಂತು. ಅವನಿಗೆ ನಂಬಿಕೆಯಾಗಲಿಲ್ಲ. ಇನ್ನೂ ಒತ್ತಿದ. ಅಂಕಿ ಇನ್ನೂ ದೊಡ್ಡದಾಯಿತು.

"ಇದು ಬೆನ್ನಲ್ಲ, ಮರದ ಹಲಗೆ. ಇನ್ನು ಜನ್ಮದಲ್ಲಿ ಮೂಟೆ ಮುಟ್ಟಬೇಡ," ಎಂದ.

"ಹೊರೂದು ಬಿಟ್ಟರ ನಾ ಯಾವ ಕೆಲಸಕ್ಕ ಬಂದೇನ್ರಿ ಸಾಹೇಬ್ರ? ನನಗ ಬರೂದು ಅದೊಂದ," ಎಂದು ಹಮಾಲ ಅತ್ತುಬಿಟ್ಟ.

ಆಗ ಹಿರಿಯ ವೈದ್ಯೆಯೊಬ್ಬಳು ಒಳಗೆ ಬಂದಳು. ಎಂಥ ಹೆಣ್ಣುಮಗಳು ಆಕೆ! ಯುವ ವೈದ್ಯ ಯಂತ್ರದ ಪರದೆಯನ್ನೇ ನೋಡುತ್ತಿದ್ದ, ಆಕೆ ಹಿಡಿಯನ್ನು ಇನ್ನೂ ಒತ್ತಿಕೊಂಡೇ ಇದ್ದ ಅವನ ಕೈಯನ್ನು ನೋಡಿದಳು. ಬಯ್ಯಲಿಲ್ಲ. ಅವನನ್ನೇ ಪಕ್ಕದ ಮಂಚದ ಮೇಲೆ ಮಲಗಿಸಿ, ಅವನು ಒತ್ತಿದಷ್ಟೇ ಬಲವಾಗಿ ಅವನ ಬೆನ್ನಿಗೆ ಒತ್ತಿದಳು. ಒಂದು ದಿನವೂ ಮೂಟೆ ಹೊರದ ಆ ಬೆನ್ನೂ ಪರದೆಯ ಮೇಲೆ ಹಲಗೆಯಾಯಿತು.

"ಡಾಕ್ಟರೇ, ಇನ್ನು ಮೇಲೆ ನೀವೂ ಮೂಟೆ ಹೊರಬೇಡಿ," ಎಂದಳು. ಅಳುತ್ತಿದ್ದ ಹಮಾಲನಿಗೂ ನಗು ಬಂತು.

ಆಮೇಲೆ ಹಮಾಲನ ಬೆನ್ನಿಗೆ ಧಾರಾಳವಾಗಿ ಜೆಲ್ ಹಚ್ಚಿದಳು. ಅವನ ಉಸಿರು ಸಮಕ್ಕೆ ಬರುವವರೆಗೆ ಸುಮ್ಮನೆ ನಿಂತಳು. ಹಾಲಿನ ಕೆನೆ ಹರಿಯದಂತೆ ಮುಟ್ಟುವ ಹಾಗೆ ಹಿಡಿಯನ್ನು ಇಟ್ಟಳು. ಮೂರು ಸಲ ಅಳೆದಳು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕಿ ಬಂತು, ಮೊದಲಿನದಕ್ಕಿಂತ ಎಷ್ಟೋ ಚಿಕ್ಕದು. ಬಿಗಿತ ಇತ್ತು, ಅದು ಸುಳ್ಳಲ್ಲ. ಆದರೆ ಕೆಲವು ತಿಂಗಳ ವ್ಯಾಯಾಮಕ್ಕೆ ಸಡಿಲಾಗುವಂಥದು. ಆಮೇಲೆ ಮತ್ತೆ ಹೊರಬಹುದು ಎಂದು ಆಕೆ ಹೇಳಿದಳು. ಹಮಾಲ ಎದ್ದು ಆಕೆಯ ಕಾಲಿಗೆ ಬೀಳಲು ಹೋದ. ಪಾಪ, ಬಗ್ಗಲಾಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಮುರಿಗೆಯ್ಯ ಮತ್ತೆ ಕೇಳಿದ.

"ಕತೆ ಚೆನ್ನಾಗಿದೆ ಗುರುಗಳೇ. ದುಂಡಪ್ಪನನ್ನು ಏನು ಮಾಡಲಿ?"

"ಅವನನ್ನು ಅಳೆಯುವಾಗ ನಿನ್ನ ಕೈ ಎಷ್ಟು ಒತ್ತಿತ್ತು, ಮೊದಲು ಅದನ್ನು ಹೇಳು."